ರಾಯಚೂರಿಗೆ ಬಂದ ಬ್ಯಾಡ್ಜು

ಕೆಲಸ ಮುಗಿಸಿ ಮನೆಗೆ ಹೊರಟವರ ಕೈಕಾಲುಗಳನ್ನು ಒಂದು ಯಂತ್ರ ತಪಾಸಣೆ ಮಾಡುತ್ತದೆ ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಗುಜರಾತಿನ ಈ ಅಣುವಿದ್ಯುತ್ ಸ್ಥಾವರದಲ್ಲಿ ಅಂದು ನನ್ನ ಮೊದಲ ದಿನ. ಬಾಗಿಲ ಬಳಿ ತೂಕದ ಯಂತ್ರದಂಥದ್ದರ ಮೇಲೆ ನಿಂತು, ಎರಡೂ ಅಂಗೈಗಳನ್ನು ಗೂಡಿನೊಳಗೆ ತೂರಿಸಬೇಕು. ಹಸಿರು ದೀಪ ಹತ್ತಿದರೆ ಮನೆಗೆ, ಕೆಂಪು ಹತ್ತಿದರೆ ಕೈ ತೊಳೆದುಕೊಂಡು ಮತ್ತೆ ಪರೀಕ್ಷೆಗೆ. ನನಗೆ ಹಸಿರೇ ಹತ್ತಿತು. ಆದರೂ ಹೊರಗೆ ಬಂದ ಮೇಲೆ ಬಹಳ ಹೊತ್ತು ಅಂಗೈ ನೋಡಿಕೊಳ್ಳುತ್ತ ನಿಂತಿದ್ದೆ.

ನನ್ನ ಅಪ್ಪ ರಾಯಚೂರಿನ ಕಡೆಯ ಕಲ್ಲಿದ್ದಲ ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲು ಇಳಿಸುವ ಕೂಲಿಯಾಗಿದ್ದ. ಆಗ ನಾವು ರಾಯಚೂರಿನಲ್ಲೇ ಇದ್ದೆವು, ಮಾನ್ವಿಗೆ ಹೋದದ್ದು ಆಮೇಲೆ. ಅಪ್ಪ ಮನೆಗೆ ಬಂದರೆ ಅವನ ಹಿಂದೆಯೇ ಕಾರ್ಖಾನೆಯೂ ಬರುತ್ತಿತ್ತು: ಕಿವಿಯೊಳಗೆ, ಉಗುರಿನ ಸಂದಿಯಲ್ಲಿ, ಬುತ್ತಿಯ ಚೀಲದಲ್ಲಿ ಕರಿ. ಅವ್ವ ಅಂಗಳದಲ್ಲೇ ಬಿಸಿನೀರಿಟ್ಟು ಕಾಯುತ್ತಿದ್ದಳು. ಇಲ್ಲಿ ಒಂದು ಕಣ ಧೂಳನ್ನೂ ಮನೆಗೆ ಒಯ್ಯುವ ಹಾಗಿಲ್ಲ.

ಕಾಲೊನಿಯಲ್ಲಿ ನನಗೆ ಎರಡು ಕೋಣೆಯ ಮನೆ ಸಿಕ್ಕಿತು. ಮುಂದೆ ಕುಳಿತುಕೊಳ್ಳಲು ಒಂದು ಕಟ್ಟೆ. ಇವರು ಅದಕ್ಕೆ ‘ಓಟಲೊ’ ಅನ್ನುತ್ತಾರೆ. ನಮ್ಮ ಕಟ್ಟೆಗೂ ಓಟಲೊಗೂ ಫರಕು ಏನೂ ಇಲ್ಲ, ಕೂತವರು ಆಡುವ ಮಾತಿನಲ್ಲಿ ಸಕ್ಕರೆ ಸ್ವಲ್ಪ ಜಾಸ್ತಿ. ಸಕ್ಕರೆ ಬೇಳೆಯಲ್ಲೂ ಇರುತ್ತದೆ. ಮೊದಲ ಸಲ ಪಕ್ಕದ ಮನೆಯ ಜಶುಬೆನ್ ಕೊಟ್ಟ ದಾಲ್ ಉಂಡು, ಪಾಯಸವೋ ಸಾರೋ ತಿಳಿಯದೆ ಕಣ್ಣಲ್ಲಿ ನೀರು ಬಂತು. ಮರುವಾರ ಆಕೆಯೇ ಜೋಳದ ‘ರೋಟಲೊ’ ತಂದಳು. ನಮ್ಮ ರೊಟ್ಟಿಗಿಂತ ದಪ್ಪ, ಆದರೆ ಜೋಳ ಜೋಳವೇ. ನಾನು ಕೆಂಪುಖಾರದ ಚಟ್ನಿ ಕೊಟ್ಟೆ. ಆಕೆ ಒಂದು ತುತ್ತಿಗೆ ಮೂರು ಲೋಟ ನೀರು ಕುಡಿದು ‘ಚಾಲಶೆ’ ಅಂದಳು. ನಡೆಯುತ್ತದೆ ಎಂದರ್ಥ. ಇಲ್ಲಿ ಎಲ್ಲಕ್ಕೂ ಅದೇ ಮಾತು. ಭಾಷೆಗೆ ಮಾತ್ರ ನಮ್ಮ ಮಾನ್ವಿ ಸಂತೆಯ ದಖನಿ ಉರ್ದು ಉಪಯೋಗಕ್ಕೆ ಬಂತು. ನಾನು ಬೇಡ ಎನ್ನಲು ‘ನಕ್ಕೋ’ ಅಂದಾಗಲೆಲ್ಲ ನನ್ನನ್ನು ಮಹಾರಾಷ್ಟ್ರದವಳು ಅಂದುಕೊಂಡರು.

ಇಷ್ಟೆಲ್ಲ ರೂಢಿಯಾದರೂ ಸಂಜೆ ಓಟಲೊದ ಮೇಲೆ ಒಬ್ಬಳೇ ಕೂರುವುದು ರೂಢಿಯಾಗಲಿಲ್ಲ. ಗಂಡ ಹನುಮೇಶ ದೇವದುರ್ಗದ ಹತ್ತಿರ ಸರ್ಕಾರಿ ಶಾಲೆಯ ಮೇಷ್ಟ್ರು. ರಾಜ್ಯ ಬಿಟ್ಟು ವರ್ಗಾವಣೆ ಸಿಗುವುದಿಲ್ಲ. ಏಳು ವರ್ಷದ ಮಗಳು ಕಾವ್ಯಾ ಅವರ ಜೊತೆಗಿದ್ದಳು. ಅವಳನ್ನು ನನ್ನ ಹತ್ತಿರ ಕರೆತಂದು ಇಲ್ಲಿನ ಶಾಲೆಗೆ ಹಾಕಬೇಕು ಎಂಬುದೊಂದೇ ನನ್ನ ಆಸೆ. ಹನುಮೇಶ ಒಪ್ಪುತ್ತಿರಲಿಲ್ಲ. ಹಟದಿಂದಲ್ಲ, ಭಯದಿಂದ.

ಆ ಭಯ ಓಡಿಸಲು ನಾನು ಫೋನಿನಲ್ಲೇ ಪಾಠ ಶುರುಮಾಡಿದೆ. ಇಲ್ಲಿ ಏನನ್ನೂ ಸುಡುವುದಿಲ್ಲ ಎಂದೆ. ಯುರೇನಿಯಂ ಪರಮಾಣುವಿನ ತಿರುಳಿಗೆ ನ್ಯೂಟ್ರಾನ್ ಎಂಬ ಸಣ್ಣ ಕಣ ಬಡಿದರೆ ಅದು ಒಡೆಯುತ್ತದೆ, ಬಿಸಿ ಹುಟ್ಟುತ್ತದೆ, ಜೊತೆಗೆ ಎರಡೋ ಮೂರೋ ಹೊಸ ನ್ಯೂಟ್ರಾನ್ ಹೊರಬರುತ್ತವೆ. ಅವು ಹೋಗಿ ಇನ್ನಷ್ಟು ಒಡೆಯುತ್ತವೆ. ಆದರೆ ಹೊಸ ನ್ಯೂಟ್ರಾನ್‌ಗಳ ಓಟ ಬಹಳ ಜೋರು, ಯುರೇನಿಯಂಗೆ ಸಿಗುವುದೇ ಕಷ್ಟ. ಓಡುವ ಬಸ್ಸು ಹತ್ತಲಾಗುವುದಿಲ್ಲವಲ್ಲ, ಹಾಗೆ. ಅವನ್ನು ನಿಧಾನ ಮಾಡಲು ಭಾರಜಲ ಬೇಕು. ನೋಡಲು ನೀರೇ, ಅದರ ಹೈಡ್ರೋಜನ್ ಮಾತ್ರ ತೂಕದ್ದು. ಆ ಭಾರಜಲದಲ್ಲಿ ಸಾದಾ ನೀರು ಬೆರೆತಿದೆಯೇ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದೇ ನನ್ನ ಕೆಲಸ. ಒಂದು ಒಡೆತದಿಂದ ಸರಾಸರಿ ಒಂದೇ ಹೊಸ ಒಡೆತ ಆಗುವಂತೆ ನೋಡಿಕೊಂಡರೆ ಬಿಸಿ ಒಂದೇ ಸಮ ಇರುತ್ತದೆ. ಹೆಚ್ಚಾದರೆ ನ್ಯೂಟ್ರಾನ್ ಹೀರುವ ಸರಳುಗಳು ಒಳಗಿಳಿಯುತ್ತವೆ. ಆ ಬಿಸಿಯಿಂದ ಉಗಿ, ಉಗಿಯಿಂದ ತಿರುಗುವ ಟರ್ಬೈನು, ಮುಂದಿನದೆಲ್ಲ ಅಪ್ಪನ ಕೇಂದ್ರದಲ್ಲಿ ಇದ್ದದ್ದೇ. ಅಲ್ಲಿಗೆ ಕಲ್ಲಿದ್ದಲು ರೈಲುಗಟ್ಟಲೆ ಬರುತ್ತಿತ್ತು, ಇಲ್ಲಿ ಮೊಳದುದ್ದದ ಇಂಧನದ ಕಟ್ಟುಗಳು ಬರುತ್ತವೆ. ಸ್ಥಾವರ ನಿಲ್ಲಿಸಿದ ಮೇಲೂ ಇಂಧನ ಬಹಳ ದಿನ ಬಿಸಿಯಾಗೇ ಇರುತ್ತದೆ, ಅದನ್ನು ನೀರಿನಲ್ಲಿ ತಣಿಸುತ್ತಲೇ ಇರಬೇಕು ಎಂಬುದನ್ನೂ ಮುಚ್ಚಿಡಲಿಲ್ಲ.

ಹನುಮೇಶ ಒಳ್ಳೆಯ ಮೇಷ್ಟ್ರು, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು: “ಹೊಗಿ ಕಂಡ್ರ ದೂರ ಸರೀಬಹುದು. ಕಾಣದಿರೋದರಿಂದ ಕೂಸಿನ್ನ ಹೆಂಗ ದೂರ ಇಡಬೇಕು?”

ಕಾಣದ್ದನ್ನು ಅಳೆಯಲೆಂದೇ ನಮ್ಮೆಲ್ಲರ ಎದೆಯ ಮೇಲೆ ಒಂದು ಬ್ಯಾಡ್ಜು ಇರುತ್ತದೆ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಒಳಗೆ ಮೂರು ದುಂಡನೆಯ ಬಿಲ್ಲೆ. ಮೈಗೆ ತಾಗಿದ ವಿಕಿರಣವನ್ನು ಅವು ನೆನಪಿಟ್ಟುಕೊಳ್ಳುತ್ತವೆ. ಕೆಲಸ ಮುಗಿದ ಮೇಲೆ ಬಾಗಿಲ ಬಳಿಯ ಹಲಗೆಗೆ ಸಿಕ್ಕಿಸಿ ಹೋಗಬೇಕು. ಗೊತ್ತುಪಡಿಸಿದ ದಿನಕ್ಕೆ ಅದನ್ನು ಓದಿ, ನಮ್ಮ ಹೆಸರಿನಲ್ಲಿ ಬರೆದಿಡುತ್ತಾರೆ. ಆ ದಾಖಲೆ ಜೀವನಪೂರ್ತಿ ನಮ್ಮ ಜೊತೆ ಬರುತ್ತದೆ. ನನ್ನದರಲ್ಲಿ ಆವರೆಗೆ ಸೊನ್ನೆಗಳೇ ಇದ್ದವು. ಹನುಮೇಶರಿಗೆ ತೋರಿಸಲು ನನ್ನ ಬಳಿ ಇದ್ದ ಸಾಕ್ಷಿಯೂ ಅದೊಂದೇ.

ಡಿಸೆಂಬರಿನಲ್ಲಿ ರಜೆ ಸಿಕ್ಕಿತು. ಮಗಳನ್ನು ಕರೆದುಕೊಂಡೇ ಬರುವುದು ಎಂದು ಸೂರತ್ತಿನಲ್ಲಿ ರೈಲು ಹತ್ತಿದೆ. ರಾಯಚೂರಿನಲ್ಲಿ ಇಳಿದು, ಅವ್ವ ಮತ್ತು ತಮ್ಮ ಇರುವ ಮಾನ್ವಿಗೆ ಹೋದೆ. ಹನುಮೇಶ ಮಗಳನ್ನು ಅಲ್ಲಿಗೇ ತಂದುಬಿಟ್ಟು ದೇವದುರ್ಗಕ್ಕೆ ಮರಳಿದ್ದರು. ಮೂರನೆಯ ದಿನ ಕಾವ್ಯಾ ಮಾಳಿಗೆಯ ಮೆಟ್ಟಿಲಿಂದ ಬಿದ್ದು ಮೊಣಕೈ ಊದಿಸಿಕೊಂಡಳು. ಅವ್ವ ಕವಿತಾಳದ ಕಡೆ ಎಲುಬು ಕಟ್ಟುವವರ ಹತ್ತಿರ ಒಯ್ಯೋಣ ಅಂದಳು. ನಾನು ಎಕ್ಸ್‌ರೇ ತೆಗೆಸದೆ ಯಾರ ಕೈಗೂ ಕೊಡುವುದಿಲ್ಲ ಎಂದು ಮರುದಿನ ರಾಯಚೂರಿಗೆ ನಸುಕಿನ ಬಸ್ಸು ಹಿಡಿದೆ. ಚಳಿಗೆ, ಸ್ಥಾವರಕ್ಕೂ ಹಾಕಿಕೊಂಡು ಹೋಗುತ್ತಿದ್ದ ಸ್ವೆಟರನ್ನೇ ಹಾಕಿಕೊಂಡಿದ್ದೆ.

ಹನುಮೇಶ ನೇರ ರಾಯಚೂರಿನ ಆಸ್ಪತ್ರೆಗೇ ಬಂದರು. ಎಕ್ಸ್‌ರೇ ಕೋಣೆಯಲ್ಲಿ ಕೂಸನ್ನು ಅಲುಗಾಡದಂತೆ ಹಿಡಿಯಲು ಒಬ್ಬರು ಬೇಕೆಂದರು. ಸೀಸದ ಏಪ್ರನ್ ಅಲ್ಲಿ ಇದ್ದದ್ದು ಒಂದೇ. ಅದನ್ನು ಮಗಳ ಮೈಗೆ ಸುತ್ತಿ, ನಾನು ಬಾಗಿ ಅವಳ ತೋಳು ಹಿಡಿದೆ. ಅವಳು ನೋವಿಗೆ ಕೊಸರಾಡಿದ್ದರಿಂದ ಮೂರು ಸಲ ತೆಗೆಯಬೇಕಾಯಿತು. ಎಲುಬಿನಲ್ಲಿ ಸೀಳು ಬಿದ್ದಿತ್ತು. ಪ್ಲಾಸ್ಟರ್ ಹಾಕಿದರು.

ಬಿಸಿಲೇರಿದ ಮೇಲೆ ಮಾನ್ವಿಯ ಬಸ್ಸಿನಲ್ಲಿ ಸ್ವೆಟರು ಬಿಚ್ಚಿ ಹನುಮೇಶರ ಕೈಗೆ ಕೊಟ್ಟೆ. ಅದರ ಒಳಮಗ್ಗುಲಿಗೆ ಏನೋ ಗಟ್ಟಿ ಸಿಕ್ಕಿಸಿದ್ದನ್ನು ತೋರಿಸಿ, ಇದೇನು ಎಂದು ಕೇಳಿದರು. ರೈಲಿನ ಗಡಿಬಿಡಿಯಲ್ಲಿ ಹಲಗೆಗೆ ಸಿಕ್ಕಿಸದೆ ಬಂದ ನನ್ನ ಬ್ಯಾಡ್ಜು. ಮೂರು ಎಕ್ಸ್‌ರೇಯನ್ನೂ ಅದು ನನ್ನ ಎದೆಯ ಮೇಲೇ ಕೂತು ನೆನಪಿಟ್ಟುಕೊಂಡಿತ್ತು.

ಹನುಮೇಶರಿಗೆ ಎಲ್ಲ ಹೇಳಿದೆ. ಮೈಗೆ ಏನಾಗುವಷ್ಟಲ್ಲ, ಆದರೆ ದಾಖಲೆಯಲ್ಲಿ ಬರುತ್ತದೆ, ವಿಚಾರಣೆ ನಡೆಯುತ್ತದೆ, ಅದು ಮುಗಿಯುವವರೆಗೆ ಒಳಗೆ ಬಿಡುವುದಿಲ್ಲ ಎಂದೆ.

“ಸುಮ್ನ ಅದರ ಜಾಗಾದಾಗ ಇಟ್ಟುಬಿಡು ಸುಜಾತಾ. ಹೇಳಿದ್ರ ನಿನಗ ತ್ರಾಸು.”

“ಇವತ್ತ ಅವರಿಗೆ ಮುಚ್ಚಿಟ್ಟರ, ನಾಳೆ ಅಲ್ಲಿ ಭಯ ಇಲ್ಲ ಅಂತ ನಾ ಹೇಳಿದ್ದು ನೀವು ಹೆಂಗ ನಂಬ್ತೀರಿ?”

ಅವರು ಬ್ಯಾಡ್ಜನ್ನು ಸ್ವೆಟರಿನಿಂದ ಬಿಡಿಸಿ ನನ್ನ ಕೈಗಿಟ್ಟರು. ಪ್ಲಾಸ್ಟರಿನ ಕೈಯ ಮಗಳನ್ನು ಅಷ್ಟು ದೂರ ಒಯ್ಯುವ ಪ್ರಶ್ನೆಯೇ ಇರಲಿಲ್ಲ. ಇಬ್ಬರಿಗೆಂದು ಮಾಡಿಸಿದ ಟಿಕೀಟಿನಲ್ಲಿ ಒಬ್ಬಳೇ ವಾಪಸು ಹೊರಟೆ. ದಾರಿಯುದ್ದಕ್ಕೂ ನನ್ನ ಮರೆವಿನ ಮೇಲೆ ನನಗೇ ಸಿಟ್ಟು.

ಇಳಿದ ದಿನವೇ ವಿಕಿರಣ ಸುರಕ್ಷತೆಯ ಅಧಿಕಾರಿಯ ಮುಂದೆ ಬ್ಯಾಡ್ಜಿಟ್ಟು ನಡೆದದ್ದೆಲ್ಲ ಬರೆದುಕೊಟ್ಟೆ. ಆತ ಬಯ್ಯಲಿಲ್ಲ, ‘ಚಾಲಶೆ’ ಅಂತಲೂ ಅನ್ನಲಿಲ್ಲ. ಆ ಮಾತು ನಡೆಯದ ಜಾಗ ಇಲ್ಲಿ ಅದೊಂದೇ ಎಂದು ಅಂದು ತಿಳಿಯಿತು. ಕೆಲವು ವಾರ ನನ್ನನ್ನು ಹೊರಗಿನ ಕಚೇರಿಯಲ್ಲಿ ಕಾಗದ ಜೋಡಿಸಲು ಕೂರಿಸಿದರು. ಬ್ಯಾಡ್ಜಿನ ಮೂರು ಬಿಲ್ಲೆಗಳಲ್ಲಿ ಎರಡರ ಮೇಲೆ ಬೇರೆ ಬೇರೆ ಹೊದಿಕೆ ಇರುತ್ತದೆ. ಒಂದನ್ನು ಬಯಲಾಗೇ ಬಿಟ್ಟಿರುತ್ತಾರೆ. ಮೂರರ ಓದಿನ ವ್ಯತ್ಯಾಸ ನೋಡಿದರೆ ಬಂದದ್ದು ಯಾವ ಬಗೆಯ ಕಿರಣ ಎಂದು ತಿಳಿಯುತ್ತದೆ. ನನ್ನದು ಎಕ್ಸ್‌ರೇಯದೇ ಎಂದು ಬಂತು. ಇದು ಕೆಲಸದಿಂದ ಬಂದದ್ದಲ್ಲ, ಆದ್ದರಿಂದ ದಾಖಲೆಯಿಂದ ತೆಗೆಯಲಾಗಿದೆ ಎಂದು ಪತ್ರ ಕೊಟ್ಟು ಸಹಿ ಮಾಡಿಸಿಕೊಂಡರು. ಪತ್ರದ ಫೋಟೊ ತೆಗೆದು ಹನುಮೇಶರಿಗೆ ಕಳಿಸಿದೆ.

ಸಂಜೆ ಫೋನು ಬಂತು. “ಒಂದು ಮರೆವಿಗೆ ಇಷ್ಟು ಕೇಳೋ ಮಂದಿ ಅದಾರಲ್ಲ ಅಲ್ಲಿ,” ಅಂದರು. ಆಮೇಲೆ, “ಬ್ಯಾಸಗಿ ಸೂಟಿಗೆ ಕರ್ಕೊಂಡ್ ಬರ್ತೀನಿ,” ಅಂದರು.

ಬಂದರು. ಕಾಲೊನಿಯಲ್ಲಿ ಇಳಿದವರೇ ದೂರದ ಕಾಂಕ್ರೀಟು ಗುಮ್ಮಟಗಳನ್ನು ನೋಡಿ ಹೊಗೆ ಹುಡುಕಿದರು. ವಾರ ಕಳೆಯುವುದರೊಳಗೆ ಕಾವ್ಯಾ ಜಶುಬೆನ್ ಮನೆಯ ಓಟಲೊದ ಮೇಲೆ ರೋಟಲೊ ತಿನ್ನುತ್ತ ‘ಚಾಲಶೆ’ ಅನ್ನತೊಡಗಿದಳು. ಇಲ್ಲಿನ ಡಾಕ್ಟರಿಗೆ ತೋರಿಸಲೆಂದು ಅವರು ರಾಯಚೂರಿನ ಎಕ್ಸ್‌ರೇ ತಂದಿದ್ದರು. ಕೈ ಪೂರ್ತಿ ಕೂಡಿದೆ ಎಂದರು ಡಾಕ್ಟರು. ಶಾಲೆಗೆ ಹೆಸರು ಹಚ್ಚಿಸಿದ ಮೇಲೆ, ಒಬ್ಬರೇ ಹೊರಡುವ ದಿನ, ಹನುಮೇಶ ಆ ಹಾಳೆಯನ್ನು ಮತ್ತೆ ಚೀಲದಲ್ಲಿಟ್ಟುಕೊಂಡರು. ಇನ್ನು ಅದು ಯಾಕೆ, ಗುಣವಾಗಿದೆಯಲ್ಲ ಎಂದೆ.

ಅವರು ಹಾಳೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಮಗಳ ಸಣ್ಣ ತೋಳು, ಮೊಣಕೈಯ ಸೀಳು. ಅಂಚಿನಲ್ಲಿ ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದ ನಾಲ್ಕು ಬೆರಳಿನ ಎಲುಬು, ಒಂದರಲ್ಲಿ ನನ್ನ ಉಂಗುರ. ಅಷ್ಟು ದಿನ ಅದನ್ನು ನಾನು ಗಮನಿಸಿರಲಿಲ್ಲ.

“ನಿನ್ನ ದಾಖಲಿಯಿಂದ ತೆಗದ್ರಲ್ಲ,” ಅಂದರು. “ಇದು ನನ್ನ ಕಡೆ ಇರಲಿ.”

ಈಗ ಅದು ದೇವದುರ್ಗದ ಮನೆಯ ಕಿಟಕಿಯಲ್ಲಿದೆ. ಬೆಳಿಗ್ಗೆ ಬಿಸಿಲು ಬಿದ್ದಾಗ ಇಬ್ಬರೂ ಕಾಣುತ್ತೀರಿ ಎಂದು ಫೋನಿನಲ್ಲಿ ಹೇಳುತ್ತಾರೆ.