ವಿಮಾನದ ಸಾಲಿಗೆ ಸೈಕಲ್ ಮಾವನ ಬೆಲ್

ಬೆಳಗಿನ ಐದೂಮುಕ್ಕಾಲು. ವಿಮಾನ ತರಬೇತಿ ಶಾಲೆಯ ಹಿಂಬದಿ, ಈಗ ಯಾರೂ ಬಳಸದ ಹಳೆಯ ರನ್‌ವೇ ಮೇಲೆ ನಾಲ್ಕು ಸೈಕಲ್‌ಗಳು ಓರೆಸಾಲಿನಲ್ಲಿ ಹೋಗುತ್ತಿವೆ. ಎಲ್ಲಕ್ಕಿಂತ ಮುಂದೆ, ಪ್ಯಾಂಟು ಚೈನಿಗೆ ಸಿಕ್ಕದಂತೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಕೊಂಡ ಐವತ್ತೇಳರ ಮನುಷ್ಯ. ಅವರ ಹಿಂದೆ ಇಬ್ಬರು ನಾಳಿನ ಪೈಲಟ್‌ಗಳು. ಕೊನೆಯ ಸೈಕಲ್ಲಿನಲ್ಲಿ ಪತ್ರಿಕೆಗೆ ಬರೆಯಲು ಬಂದ ನಾನು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ನೋಟ್‌ಬುಕ್. ಎರಡು ಸಾಲು ಬರೆಯೋಣವೆಂದು ಕಣ್ಣು ಕೆಳಗಿಳಿಸುತ್ತೇನೆ. ತಲೆಯೆತ್ತುವಷ್ಟರಲ್ಲಿ ಅವರೆಲ್ಲ ಎಡಕ್ಕೆ ತಿರುಗಿಯಾಗಿದೆ. ನಾನು ಮಾತ್ರ ನೆಟ್ಟಗೆ ಹೋಗಿ ಹುಲ್ಲಿನಲ್ಲಿ ಅಂಗಾತ ಬಿದ್ದಿದ್ದೇನೆ.

ಎಲ್ಲರ ಮುಂದಿದ್ದ ಆ ಮನುಷ್ಯ ಬಂದು ಮೊದಲು ಸೈಕಲ್ಲನ್ನು ಎತ್ತುತ್ತಾರೆ, ಆಮೇಲೆ ನನ್ನನ್ನು. "ನಾನು ಕಾಣ್ತಿರಲಿಲ್ಲ, ಅಲ್ವಾ? ಹಾಗಂತ ಬಾಯಿಬಿಟ್ಟು ಹೇಳ್ಬೇಕಿತ್ತು ಸಾರ್. ಸುಮ್ನೆ ಯಾಕೆ ಬಿದ್ರಿ?"

ಇವರು ಸೈಕಲ್ ಮಾವ. ಕಾಗದದ ಮೇಲೆ ಇವರ ಕೆಲಸ ಉಗ್ರಾಣದ ಸಹಾಯಕ. ಹೆಲ್ಮೆಟ್ಟು, ಕೈಗವಸು, ಗ್ರೀಸ್ ಡಬ್ಬಿ ಕೊಟ್ಟು ಸಹಿ ಹಾಕಿಸಿಕೊಳ್ಳುವುದು. ಆದರೆ ಇಪ್ಪತ್ತೆರಡು ವರ್ಷಗಳಿಂದ ಇಲ್ಲಿ ಹಾರಲು ಕಲಿತ ಒಬ್ಬರೂ ಇವರ ಹಿಂದೆ ಪೆಡಲ್ ತುಳಿಯದೆ ಹೋಗಿಲ್ಲ. ಸಾಲಾಗಿ ಹಾರುವ ವಿಮಾನಗಳ ನಡುವಿನಿಂದ ಒಂದು ವಿಮಾನ ಹೇಗೆ ಹೊರಗೆ ಹೋಗಬೇಕು, ಯಾರಿಗೂ ತಾಗದಂತೆ ಹೇಗೆ ಮತ್ತೆ ಬಂದು ಸೇರಬೇಕು ಎನ್ನುವುದೇ ಪಾಠ. ಹಿಂದೆ ಶಿಕ್ಷಕರು ಹುಡುಗರನ್ನು ರೆಕ್ಕೆಯಂತೆ ಕೈಚಾಚಿಸಿ ಸಿಮೆಂಟಿನ ಮೇಲೆ ನಡೆಸುತ್ತಿದ್ದರಂತೆ. ಉಗ್ರಾಣದ ಕಿಟಕಿಯಿಂದ ಅದನ್ನು ನೋಡಿ ನೋಡಿ ಮಾವನಿಗೆ ತಡೆಯಲಾಗಲಿಲ್ಲ. "ನಡೆಯೋರು ಕಷ್ಟ ಬಂದ್ರೆ ನಿಂತ್ಬಿಡ್ತಾರೆ. ವಿಮಾನ ನಿಲ್ಲುತ್ತಾ? ಸೈಕಲ್ಲೂ ನಿಲ್ಲಲ್ಲ, ನಿಂತ್ರೆ ಬೀಳುತ್ತೆ. ಅದಕ್ಕೇ ಸೈಕಲ್ ಕೊಡಿ ಅಂದೆ."

ನಿಯಮಗಳು ಕೆಲವೇ. ಮುಂದಿನವನು ಕಾಣದಿದ್ದರೆ ತಕ್ಷಣ ಕೂಗಿ ಹೇಳಬೇಕು. ಅವನು ಕೊನೆಯ ಸಲ ಎಲ್ಲಿ ಕಂಡನೋ ಆ ದಿಕ್ಕಿಗೆ ಬೆನ್ನು ಹಾಕಿ ದೂರ ಸರಿಯಬೇಕು. ಅವನು ಮತ್ತೆ ಕಂಡ ಮೇಲೆ, ಬಾ ಎಂದ ಮೇಲೆ, ಪಕ್ಕದಿಂದ ನಿಧಾನವಾಗಿ ಬರಬೇಕು. ವೇಗ ಹೆಚ್ಚಾಯಿತೋ, ಹಟ ಮಾಡದೆ ಅವನ ಹಿಂದಿನಿಂದ ಆಚೆ ಬದಿಗೆ ದಾಟಿಕೊಳ್ಳಬೇಕು. ಸೈಕಲ್ಲಿನಲ್ಲಿ ಯಾರಾದರೂ 'ಕಾಣ್ತಿಲ್ಲ' ಎಂದು ಕೂಗಿದರೆ ಮಾವ ಒಂದು ಸಲ ಬೆಲ್ ಹೊಡೆಯುತ್ತಾರೆ. ಕೇಳಿಸಿತು, ಒಳ್ಳೆಯ ಕೆಲಸ ಮಾಡಿದೆ, ಎಂದರ್ಥ.

ದಿನಕ್ಕೆ ನಲವತ್ತು ಸುತ್ತು, ವಾರಕ್ಕೆ ಎಂಟು ಪಂಕ್ಚರ್, ಎರಡು ಮಂಡಿ, ಎರಡೂ ತಕರಾರಿನವು. ವಿಮಾನ ಹತ್ತಿದ್ದು ಒಂದೇ ಸಲ. ಹೇಗಿತ್ತು ಎಂದರೆ ಮಾವ ನೆಲ ನೋಡುತ್ತಾರೆ. ವಾಂತಿಗೆಂದು ಕೊಟ್ಟ ಚೀಲ ಸಾಲದೆ ಶಿಕ್ಷಕರ ಟೋಪಿಯನ್ನೂ ಬಳಸಬೇಕಾಯಿತು ಎಂದು ಹೇಳಿದ್ದು ಅವರ ಹೆಂಡತಿ. ಶಾಲೆಯ ಗೇಟಿನ ಎದುರು ಹೊಲಿಗೆ ಅಂಗಡಿ ಇಟ್ಟಿರುವ ಆಕೆಗೂ ಈ ಪಾಠವೆಲ್ಲ ಬಾಯಿಪಾಠ. "ಜಗಳ ಆಡ್ಕೊಂಡು ಹೊರಗೆ ಹೋದ್ರೆ ನಮ್ಮೋರು ನೇರ ಮುಂಬಾಗಿಲಿಗೆ ಬರಲ್ಲ. ಮೊದ್ಲು ಕಿಟಕಿ ಹತ್ರ ಬಂದು ನಾನು ಕಾಣ್ತೀನಾ ನೋಡ್ತಾರೆ. ನಾನು ಹೂಂ ಅಂದ್ರೆ ಪಕ್ಕದ ಬಾಗಿಲಿಂದ ನಿಧಾನವಾಗಿ ಬರ್ತಾರೆ," ಎನ್ನುತ್ತಾ ಸೂಜಿಗೆ ದಾರ ಪೋಣಿಸುತ್ತಾರೆ.

ಇವತ್ತು ಮಾತ್ರ ಮಾವನ ಬಾಯಲ್ಲಿ ತಮಾಷೆ ಕಡಿಮೆ. ಬೆಳಿಗ್ಗೆ ಎರಡನೇ ಸೈಕಲ್ಲಿನಲ್ಲಿದ್ದ ಹುಡುಗಿಗೆ ಒಂಬತ್ತಕ್ಕೆ ಪರೀಕ್ಷೆ. ಎರಡು ಸಲ ಫೇಲಾಗಿದ್ದಾಳೆ, ಇದು ಮೂರನೆಯದು, ಕೊನೆಯದು. ಹಾರಾಟದಲ್ಲಿ ಅವಳದು ಎತ್ತಿದ ಕೈ. ತೊಂದರೆ ಒಂದೇ: ಬಿಸಿಲಿಗೆ ಕಣ್ಣು ಕುಕ್ಕಿ ಮುಂದಿನ ವಿಮಾನ ಮರೆಯಾದರೆ, ಈಗ ಕಂಡೀತು ಆಗ ಕಂಡೀತು ಎಂದು ತುಟಿ ಬಿಗಿಹಿಡಿದು ಕಾಯುತ್ತಾಳೆ. ಎರಡು ಸಲವೂ ಹಿಂದಿನ ಸೀಟಿನ ಪರೀಕ್ಷಕರು ಕಂಟ್ರೋಲು ಕಿತ್ತುಕೊಂಡಿದ್ದರು. ನನ್ನ ಹತ್ತಿರವೂ ಅವಳು ಮುಚ್ಚಿಡಲಿಲ್ಲ. ಕಾಣುತ್ತಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಲು ನಾಚಿಕೆಯಾಗುತ್ತದಂತೆ. ಅವಳಿಗೆ ಆ ನಾಚಿಕೆ ಬಿಡಿಸಲೆಂದೇ ಮಾವ ಮೂರು ವಾರದಿಂದ ರನ್‌ವೇಯ ತುದಿಯ ಹಳೇ ಗೋಡೆಯ ಹಿಂದೆ ಬೇಕೆಂದೇ ಮರೆಯಾಗುತ್ತಿದ್ದಾರೆ. ಅವಳು ಇಲ್ಲಿಯವರೆಗೆ ಕೂಗಿದ್ದು ನಾಲ್ಕೇ ಸಲ. ಗೋಡೆಗೆ ಗುದ್ದಿದ್ದು ಆರು ಸಲ.

ಒಂಬತ್ತೂ ಹತ್ತು. ಉಗ್ರಾಣದಲ್ಲಿ ಟಯರುಗಳ ನಡುವೆ ಸ್ಟೂಲ್ ಹಾಕಿಕೊಂಡು ಮಾವ ಹಳೆಯ ರೇಡಿಯೋಗೆ ಕಿವಿಗೊಟ್ಟಿದ್ದಾರೆ. ಆಕಾಶದ ಮಾತು ಇದರಲ್ಲಿ ಕೇಳುತ್ತದೆ, ಇಲ್ಲಿನ ಮಾತು ಅಲ್ಲಿಗೆ ಹೋಗುವುದಿಲ್ಲ. ಯಾರೋ ಕೈಗವಸು ಕೇಳಿಕೊಂಡು ಬಂದರೆ ಎರಡೂ ಎಡಗೈಯವನ್ನೇ ಕೊಟ್ಟು ಕಳಿಸುತ್ತಾರೆ. ಸ್ಕ್ರೂ ಎಣಿಸುವ ನೆಪ ಮಾಡುತ್ತಾರೆ, ಎಣಿಕೆ ಹದಿಮೂರು ದಾಟುತ್ತಿಲ್ಲ. ರೇಡಿಯೋದಲ್ಲಿ ಮುಂದಿನ ವಿಮಾನದವರು ಬಿಸಿಲಿನ ಕಡೆಗೆ ತಿರುಗುತ್ತಿರುವುದಾಗಿ ಹೇಳುತ್ತಾರೆ. ಮಾವನ ಕೈ ಸ್ಕ್ರೂ ಡಬ್ಬಿಯಲ್ಲೇ ನಿಲ್ಲುತ್ತದೆ.

ಅಷ್ಟರಲ್ಲಿ ಗರಗರ ಸದ್ದಿನೊಳಗಿಂದ ಅವಳ ದನಿ. "ಎರಡನೇ ವಿಮಾನ. ಮುಂದಿನವರು ಕಾಣ್ತಿಲ್ಲ. ಬಲಕ್ಕೆ ಹೊರಗೆ ಹೋಗ್ತಿದೀನಿ."

ಬಾಗಿಲ ಬಳಿಯಿದ್ದ ಮೆಕ್ಯಾನಿಕ್ ಒಬ್ಬರು ಅಯ್ಯೋ, ಹೋಯ್ತು, ಎಂದು ತಲೆ ಚಚ್ಚಿಕೊಳ್ಳುತ್ತಾರೆ. ಮಾವ ಎದ್ದು, ಸ್ಕ್ರೂಗಳನ್ನೆಲ್ಲ ನೆಲಕ್ಕೆ ಚೆಲ್ಲಿಕೊಂಡು, ಗೋಡೆಗೆ ಒರಗಿಸಿದ್ದ ತಮ್ಮ ಸೈಕಲ್ಲಿನ ಹತ್ತಿರ ಹೋಗಿ ಒಂದು ಸಲ ಬೆಲ್ ಹೊಡೆಯುತ್ತಾರೆ. ಟ್ರಿಣ್. ಮೆಕ್ಯಾನಿಕ್ ನನ್ನ ಮುಖ ನೋಡುತ್ತಾರೆ, ನಾನು ಅವರ ಮುಖ ನೋಡುತ್ತೇನೆ. ಮಾವ ಬಂದು ಮತ್ತೆ ಸ್ಟೂಲಿನ ಮೇಲೆ ಕೂರುತ್ತಾರೆ.

ಎರಡು ನಿಮಿಷ ಕಳೆದ ಮೇಲೆ, ಮುಂದಿನವರು ಕಾಣುತ್ತಿದ್ದಾರೆ, ಬರಲೇ ಎಂದು ಅವಳು ಕೇಳುತ್ತಾಳೆ. ಮುಂದಿನ ವಿಮಾನದವರು ಬಾ ಎನ್ನುತ್ತಾರೆ. ವೇಗ ಹೆಚ್ಚಾಗಿದೆ, ಹಿಂದಿನಿಂದ ಆಚೆ ಬದಿಗೆ ದಾಟುತ್ತಿದ್ದೇನೆ ಎಂದು ಅದನ್ನೂ ಅವಳೇ ಹೇಳಿಬಿಡುತ್ತಾಳೆ, ನಾಚಿಕೆಯಿಲ್ಲದೆ. ಕೊನೆಗೆ, ಸಾಲಿಗೆ ಸೇರಿದೆ, ಎನ್ನುತ್ತಾಳೆ.

ಹತ್ತು ಗಂಟೆಗೆ ಅವಳು ಹೆಲ್ಮೆಟ್ಟು ವಾಪಸು ಕೊಡಲು ಬರುತ್ತಾಳೆ. ಕೂದಲು ಬೆವರಿಗೆ ಅಂಟಿದೆ, ಕೈಯಲ್ಲಿ ಪಾಸಾದ ಕಾಗದ. ಮಾವ ಕಾಗದದ ಕಡೆ ನೋಡದೆ ಸಹಿ ಪುಸ್ತಕ ಮುಂದಿಡುತ್ತಾರೆ. ಅವಳು ಸಹಿ ಹಾಕಿ, ಹೋಗದೆ ಅಲ್ಲೇ ನಿಲ್ಲುತ್ತಾಳೆ.

"ಮಾವ, ಕಾಣ್ತಿಲ್ಲ ಅಂದೆ. ಅಂದ್ಮೇಲೆ ಬೆಲ್ ಕೇಳಿಸಲಿಲ್ಲ ನೋಡಿ, ಒಂದು ಕ್ಷಣ ತಪ್ಪು ಮಾಡಿದ್ನೇನೋ ಅಂತ ಎದೆ ಧಸಕ್ ಅಂತು."

ಮಾವ ಹೆಲ್ಮೆಟ್ಟನ್ನು ಒರೆಸಿ ಕಪಾಟಿನಲ್ಲಿಟ್ಟು, ಬಾಗಿಲು ಹಾಕಿ, ಚಿಲಕ ಸಿಕ್ಕಿಸುತ್ತಾರೆ.

"ಹೊಡೆದಿದ್ದೆ ಕಣಮ್ಮ."