ಹುಲ್ಲಿನ ಜಾಗದಲ್ಲಿ ಗೆಣಸು

ಹಿಂದೂಪುರದಿಂದ ಪರಿಗಿಗೆ ಹೋಗುವ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ರಸ್ತೆ ಪಕ್ಕದ ಕಾಲೊನಿಯ ಪಾರ್ಕಿನಲ್ಲಿ ಉಡುಸಲಮ್ಮ ಕುಕ್ಕರುಗಾಲಲ್ಲಿ ಕೂತು ಗೆಣಸಿನ ಬಳ್ಳಿ ಕೀಳುತ್ತಿದ್ದಾರೆ. ತಾವೇ ನೆಟ್ಟ ಬಳ್ಳಿ. ನಡುನಡುವೆ ನೆಲಕ್ಕೆ ಕೈಯೂರಿ ಕಾಲು ಚಾಚುತ್ತಾರೆ, ಉಸಿರು ಬಿಟ್ಟು ಮತ್ತೆ ಮಡಚುತ್ತಾರೆ. ನಾಳೆ ಬೆಂಗಳೂರಿನಿಂದ ಲಾರಿಯಲ್ಲಿ ಹುಲ್ಲುಹಾಸು ಬರುತ್ತದೆ; ಅಷ್ಟರೊಳಗೆ ಪಾರ್ಕಿನ ಮುಂಭಾಗ ಖಾಲಿಯಾಗಬೇಕು. ಹಿಂದಿನ ಸೊಪ್ಪಿನ ಮಡಿಗಳೂ ಹೋಗುತ್ತವೋ, ಉಳಿಯುತ್ತವೋ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಕಾಲೊನಿಯ ಕಮಿಟಿ ಸೇರಿ ಹೇಳುತ್ತದಂತೆ.

"ನಿದ್ದೆ ಹತ್ತಲಿಲ್ಲ ಕಣಮ್ಮ. ಮಲಗಿ ಒದ್ದಾಡೋ ಬದ್ಲು ಇಲ್ಲಿಗೇ ಬಂದ್ಬುಟ್ಟೆ" ಎಂದು ನನಗೆ ಹೇಳುತ್ತಾರೆ.

ಉಡುಸಲಮ್ಮನ ತವರು ಕಲ್ಯಾಣದುರ್ಗದ ಕಡೆಯ ಹಳ್ಳಿ. ಮದುವೆಯಾಗಿ ಹಿಂದೂಪುರಕ್ಕೆ ಬಂದವರು ಹುಣಸೆಹಣ್ಣಿನ ಬೀಜ ಬಿಡಿಸುವ ಕೂಲಿಗೆ ಹೋದರು. ಬೆರಳ ಸಂದು ಹುಳಿಗೆ ಕೊರೆದು ಹೋದ ಮೇಲೆ ಈ ಪಾರ್ಕು ಗುಡಿಸುವ ಕೆಲಸ ಸಿಕ್ಕಿತು. ಆಗ ಇಲ್ಲಿ ಇದ್ದದ್ದು ಒಡೆದ ಹೆಂಚು, ಮದುವೆಮನೆಗಳ ಎಂಜಲೆಲೆ. ತವರಿಗೆ ಹೋದಾಗಲೆಲ್ಲ ನೆಡಲು ಗಿಡದ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದರು. ಬುಡ ತಂಪಾಗಿರಲೆಂದು ಕಡಲೆಕಾಯಿ ಹೊಟ್ಟನ್ನು ಮೂಟೆ ಕಟ್ಟಿ ಬಸ್ಸಿನ ಮೇಲೆ ಹಾಕಿಸಿದರು.

"ಕಂಡಕ್ಟರು ನಗೋನು. ಏನವ್ವಾ, ಎಲ್ರೂ ತವ್ರಿಂದ ಸೀರೆ ತತ್ತಾರೆ, ನೀನು ಹೊಟ್ಟು ತತ್ತೀಯಲ್ಲ ಅನ್ನೋನು."

ಮನೆಗಳ ಬಚ್ಚಲ ನೀರಿಗೆ ಕಾಲುವೆ ಮಾಡಿ ನುಗ್ಗೆ, ಕರಿಬೇವಿನ ಬುಡಕ್ಕೆ ಬಿಟ್ಟರು. ಬೇಲಿಗುಂಟ ನೀರು ಕೇಳದ ತಂಗಡಿ, ಕಾರೆ ಗಿಡಗಳು. ಹಿಂದಿನ ಮಡಿಗಳಲ್ಲಿ ಪುಂಡಿ, ಅಣ್ಣೆಸೊಪ್ಪು, ಗೋಣಿಸೊಪ್ಪು. ಕಾಲೊನಿಯ ಯಾರು ಬೇಕಾದರೂ ಬಂದು ಚಿವುಟಿಕೊಂಡು ಹೋಗಬಹುದು. ಈ ಮಡಿಗಳಿಗೆ ಮಾತ್ರ ನೀರು ಹೊರಬೇಕು. ಬೆಳಿಗ್ಗೆ, ಸಂಜೆ ಸೊಂಟದ ಮೇಲೆ ಬಿಂದಿಗೆ. ಎಷ್ಟು ಎಂದು ಕೇಳಿದರೆ, "ಎಣಿಸಿದ್ರೆ ಇನ್ನೂ ಸುಸ್ತಾಯ್ತದೆ" ಎನ್ನುತ್ತಾರೆ.

ಕಳೆದ ಮಳೆಗಾಲದಲ್ಲಿ ಕಮಿಟಿಯ ಕಾರ್ಯದರ್ಶಿ ಮುರಳಿಕೃಷ್ಣ ಸ್ಕೂಟರ್ ಮೇಲಿನಿಂದಲೇ ತೆಲುಗಿನಲ್ಲಿ ಕೂಗಿ ಹೇಳಿದ್ದರು: "ಅವ್ವಾ, ಮುಂದರ ಅಂತಾ ಗಡ್ಡಿ ಪೆಟ್ಟಾಲ." ಮುಂದೆಲ್ಲ ಹುಲ್ಲು ಹಾಕಬೇಕು ಎಂದು. ಸ್ಕೂಟರಿನ ಸದ್ದಿನಲ್ಲಿ 'ಗಡ್ಡಿ' ಉಡುಸಲಮ್ಮನ ಕಿವಿಗೆ 'ಗಡ್ಡ' ಆಯಿತು. ತೆಲುಗಿನಲ್ಲಿ ಗಡ್ಡ ಎಂದರೆ ಗೆಡ್ಡೆ. ಅವರು ಗೆಣಸು ನೆಟ್ಟರು. ಬಳ್ಳಿ ನೆಲ ಮುಚ್ಚಿ ಹಸಿರಾದಾಗ ಕಾರ್ಯದರ್ಶಿಗೂ ಖುಷಿ. ನೆಂಟರನ್ನು ಕರೆತಂದು ತೋರಿಸಿದರು. ಒಂದು ದಿನ ಹಸುವೊಂದು ನುಗ್ಗಿ ಬಳ್ಳಿ ಎಳೆದಾಗ ಗೆಣಸು ಮೇಲೆ ಬಂತು.

"ಇಡೀ ಕಾಲೊನಿ ನಕ್ತು. ಆವಯ್ಯಂಗೆ ಮುಖ ಎತ್ತೋಕಾಗ್ಲಿಲ್ಲ. ತಪ್ಪು ನನ್ನ ಕಿವೀದೇ. ಯಾವ ಮಾತು ಬಿದ್ರೂ ತಿನ್ನೋದೇ ಕೇಳಿಸ್ತದೆ ಇದ್ಕೆ."

ಆ ನಗೆಯ ಬಿಸಿಯಲ್ಲೇ ಕಮಿಟಿ ಪಾರ್ಕನ್ನೆಲ್ಲ ಹುಲ್ಲು ಮಾಡುವ ಮಾತೆತ್ತಿತು. ಸೊಪ್ಪು ಒಯ್ಯುವ ಹೆಂಗಸರು ಕೇಳಿ ಸುಮ್ಮನಿರಲಿಲ್ಲ. ಇವತ್ತಿನ ಸಭೆಗೆ ಅವರ ಪರವಾಗಿ ಹೋದವರು ಎದುರುಮನೆಯ ವೀರಭದ್ರಮ್ಮ.

ಬಿಸಿಲೇರುವ ಹೊತ್ತಿಗೆ ಅವರು ಗೇಟು ತಳ್ಳಿಕೊಂಡು ಬರುತ್ತಾರೆ. ಉಡುಸಲಮ್ಮ ತಲೆ ಎತ್ತುವುದಿಲ್ಲ.

"ಮಡಿ ಉಳೀತು ಕಣೇ. ಅದೂ ಹೋದ್ರೆ ನಿಮ್ಮ ಹುಲ್ಲನ್ನೇ ಬೇಯಿಸಿ ಬಡಿಸ್ತೀವಿ ಅಂದೆ, ಗಂಡಸ್ರು ಒಪ್ಕೊಂಡ್ರು. ಆದ್ರೆ ಟ್ಯಾಂಕರ್ ನೀರು ಹುಲ್ಲಿಗೆ ಮಾತ್ರನಂತೆ."

"ಅಂದ್ರೆ ಸೊಪ್ಪಿಗೆ ನಾನೇ ಹೊರ್ಬೇಕು."

"ಹೂಂ."

ಉಡುಸಲಮ್ಮ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾರೆ. ಸಂತೋಷಪಡಲೂ ತ್ರಾಣ ಬೇಕು. ಬಲಿಯದ ಗೆಣಸನ್ನೆಲ್ಲ ಗುಡ್ಡೆ ಮಾಡಿ ಮನೆಗೊಂದು ಪಾಲು ಹಾಕತೊಡಗುತ್ತಾರೆ. ಕಾರ್ಯದರ್ಶಿಯ ಮನೆಯ ಪಾಲೂ ಇದೆ.

"ಕಿತ್ತಾಕು ಅಂದೋನ ಮನೆಗೂನಾ?" ವೀರಭದ್ರಮ್ಮ ಮೂತಿ ತಿರುಗಿಸುತ್ತಾರೆ. "ನಿನ್ನ ಕೈಲೇ ಕೀಳಿಸಿದ್ನಲ್ಲೇ."

"ನಾನೇ ಕೀಳ್ತೀನಿ ಅಂತ ಕೇಳ್ಕೊಂಡಿದ್ದು ಕಣಕ್ಕ. ಕೂಲಿಯೋರು ಬಂದಿದ್ರೆ ಗುದ್ದಲೀಲಿ ಕೊಚ್ಚಾಕ್ತಿದ್ರು." ಒಂದು ಗೆಣಸನ್ನು ಎತ್ತಿ ಮಣ್ಣೊರೆಸಿ, ತಿರುಗಿಸಿ ತೋರಿಸುತ್ತಾರೆ. "ಕೈಲೇ ಬಿಡಿಸಿದೀನಿ. ಒಂದಕ್ಕೂ ಗಾಯ ಆಗಿಲ್ಲ, ನೋಡು."