ಮೇಲೆ ಹೋದ ಆರು ಜನ

ಕೇಳಿರಿ, ಕೇಳಿರಿ, ಮಿತ್ರರೇ! ಇವತ್ತು ಬೆಂಗಳೂರಿನ ನಟ್ಟನಡುವೆ, ಮೋಡಕ್ಕೇ ಕಿರೀಟವಿಟ್ಟಂತಿರುವ ಆ ಗಾಜಿನ ಆಫೀಸು ಗೋಪುರದಲ್ಲಿ ನಮ್ಮ ಸೋದರಮಾವ ಧರಣಿಗೆ ಕೂತರು!

ಆಂಡರ್ಸನ್‌ಪೇಟೆಯ ನಮ್ಮ ನಾಟಕಕ್ಕೆ ಅತಿಥಿಯನ್ನು ಕರೆಯಲು ನಾನೂ ಮಾವನೂ ಮೂವತ್ತನೇ ಮಹಡಿಗೆ ಹೋಗಿದ್ದೆವು. ಹತ್ತುವಾಗ ಲಿಫ್ಟಿನಲ್ಲಿ ನಮ್ಮ ಜೊತೆ ಆರು ಜನ. ಇಳಿಯುವಾಗ ನಾವಿಬ್ಬರೇ. ಮಾವ ಕೆಳಗಿನ ಸೋಫಾದಲ್ಲಿ ಕೂತೇಬಿಟ್ಟರು.

"ಇನ್ನೂ ಆರ್ ಜನ ಬರ್ಬೇಕಲ್ಲಾ!"

ನಮ್ಮೂರ ಕೋರಮಂಡಲ್ ಚಿನ್ನದ ಗಣಿ ಮುಚ್ಚುವವರೆಗೂ ಕೇಜಿನ, ಅಂದರೆ ಗಣಿಯ ಲಿಫ್ಟಿನ, ಬಾಗಿಲಲ್ಲಿ ನಿಂತು ಜನರನ್ನು ಪಾತಾಳಕ್ಕೆ ಇಳಿಸಿ, ಮತ್ತೆ ಮೇಲೆತ್ತಿಸುತ್ತಿದ್ದವರು ನಮ್ಮ ಮಾವ. ಇಳಿದವರೆಲ್ಲ ಬರುವ ತನಕ ಮನೆಗೆ ಹೊರಟವರೇ ಅಲ್ಲ.

"ಮಾವ, ಅವ್ರು ಅಲ್ಲೇ ಕೆಲ್ಸ ಮಾಡೋರು. ಏಳಿ, ರೈಲು ತಪ್ತದೆ. ಸಂಜೆ ತಾಲೀಮಿಗೆ ಮಹಾರಾಜನ ಪಾತ್ರದ ನಾನೇ ಇಲ್ದಿದ್ರೆ?"

"ಮಾರಾಜ ಕಾಯ್ಲಿ ಬಿಡ್ಲಾ. ಮೇಲಕ್ಕೋದೋರ್ನ ಬಿಟ್ಟು ಎಂಗ್ಲಾ ಓಗೋದು?"

ಊಟದ ಹೊತ್ತಿಗೆ ಒಬ್ಬೊಬ್ಬರಾಗಿ ಐದು ಜನ ಇಳಿದರು. ಮಾವ ಐದೂ ಬೆರಳು ಮಡಚಿದರು. ಕೆಂಪು ಅಂಗಿಯವನು ಮಾತ್ರ ನಾಪತ್ತೆ! ಬಾಗಿಲ ಸೆಕ್ಯೂರಿಟಿಯವನಿಗೂ ಗಾಬರಿ ಹತ್ತಿತು. ಅಷ್ಟರಲ್ಲಿ ಆ ಮಹಾನುಭಾವ ಟೀ ಕುಡಿದುಕೊಂಡು ಹೊರಗಿನಿಂದ ಬಂದ. ಹೊಟ್ಟೆ ಕರಗಲೆಂದು ಮೆಟ್ಟಿಲಿಳಿದು ಯಾವಾಗಲೋ ಹೋಗಿದ್ದನಂತೆ.

ಮಾವ ಗುಡುಗಿದರು: "ಅತ್ತಿದ್ ಕೇಜಲ್ಲೇ ಇಳೀಬೇಕು ಕಣಪ್ಪಾ! ಇಲ್ಲಿ ಕಾಯೋರ್ ಜೀವ ಎಷ್ಟ್ ಒಡ್ಕೊಂತೈತೆ ಗೊತ್ತಾ?"

"ಸಾರಿ ತಾತ," ಎಂದು ಅವನು ತಲೆತಗ್ಗಿಸಿದ.

ಈಗ ಬಂಗಾರಪೇಟೆ ರೈಲಿನಲ್ಲಿದ್ದೇವೆ. ಮಾವ ಬೋಗಿಯ ಬಾಗಿಲಲ್ಲಿ ನಿಂತು ಹತ್ತಿದವರನ್ನು ಎಣಿಸುತ್ತಿದ್ದಾರೆ. ತಾಲೀಮಿಗೆ ಬೇರೆ ಮಹಾರಾಜನನ್ನು ನೋಡಿಕೊಳ್ಳಿರಪ್ಪಾ!